ಮಧ್ಯಾಹ್ನದ ಊಟ ಹಿಂದಿನ ರಾತ್ರಿಯೇ ಶುರುವಾಗಬೇಕು: ಮನೆಯಿಂದ ಕೆಲಸ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಮಧ್ಯಾಹ್ನ 1 ಗಂಟೆಗೆ ಲ್ಯಾಪ್‌ಟಾಪ್ ಮುಚ್ಚಿ, ಅಡುಗೆಮನೆಗೆ ಹೋಗಿ, ಫ್ರಿಜ್ ಬಾಗಿಲು ತೆರೆದು "ಏನು ಮಾಡಲಿ" ಎಂದು ನಿಂತವರು ಅಲ್ಲಿಗೇ ಸೋತಂತೆ. ಬೇಳೆ ನೆನೆದಿರುವುದಿಲ್ಲ, ಅನ್ನ ಆಗಿರುವುದಿಲ್ಲ, ಎರಡು ಗಂಟೆಗೆ ಮತ್ತೊಂದು ಮೀಟಿಂಗ್ ಕಾದಿರುತ್ತದೆ. ಕೈ ತಾನಾಗಿ ಮೊಬೈಲಿನ ಕಡೆಗೋ ಬ್ರೆಡ್ಡಿನ ಕಡೆಗೋ ಹೋಗುತ್ತದೆ. ಸೋಮವಾರ ಉತ್ಸಾಹದಿಂದ ಶುರು ಮಾಡಿದವರು ಬುಧವಾರದ ಹೊತ್ತಿಗೆ ಕೈಬಿಡುವುದು ಹೀಗೆಯೇ. ಇವರಲ್ಲಿ ಅಡುಗೆ ಬಾರದವರು ಕಡಿಮೆ. ಕೆಲಸವನ್ನು ಯಾವಾಗ ಮಾಡಬೇಕೋ ಆಗ ಮಾಡದವರೇ ಹೆಚ್ಚು.

ಇಲ್ಲಿರುವುದು ಒಬ್ಬರಿಗೆ ಅಥವಾ ಇಬ್ಬರಿಗೆ ಸಾಕಾಗುವ, ವಾರದ 5 ದಿನಗಳ ಕ್ರಮ. ಅಳತೆಗಳೆಲ್ಲ ಒಬ್ಬರ ಊಟಕ್ಕೆ. ಲೋಟ ಎಂದರೆ 200 ಮಿಲಿಲೀಟರಿನ ಲೋಟ.

ಮೊದಲು ಇವು ಮನೆಯಲ್ಲಿರಲಿ

3 ಲೀಟರಿನ ಕುಕ್ಕರ್, ಅದರೊಳಗೆ ಒಂದರ ಮೇಲೊಂದು ಕೂರುವ 2 ಡಬ್ಬಿ, ಒಂದು ದಪ್ಪ ತಳದ ಸ್ಟೀಲ್ ಬಾಣಲೆ, ಒಂದು ಒಗ್ಗರಣೆ ಸೌಟು, ಸಾರಿಗೆ ಒಂದು ಚಿಕ್ಕ ಪಾತ್ರೆ, ಮಿಕ್ಸಿಯ ಚಿಕ್ಕ ಜಾರ್, ಅಗಲವಾದ ಒಂದು ತಟ್ಟೆ. ಇಷ್ಟು ಸಾಕು. ಒಬ್ಬರ ಅಡುಗೆಗೆ 5 ಲೀಟರಿನ ಕುಕ್ಕರ್ ಇಟ್ಟರೆ ಒತ್ತಡ ಬರುವುದಕ್ಕೇ ಹತ್ತು ನಿಮಿಷ ಹಿಡಿಯುತ್ತದೆ.

ಪಾತ್ರೆಯ ವಿಷಯವನ್ನು ಹಗುರವಾಗಿ ನೋಡಬೇಡಿ. ಅಡುಗೆ ಬಿಟ್ಟವರನ್ನು ಕೇಳಿ ನೋಡಿ: ಅವರಿಗೆ ಬೇಸರವಾದದ್ದು ಒಲೆಯ ಮುಂದಲ್ಲ, ಸಿಂಕಿನ ಮುಂದೆ. ಮಧ್ಯಾಹ್ನದ ಊಟಕ್ಕೆ ತಟ್ಟೆ ಸೇರಿ 4 ಪಾತ್ರೆಗಿಂತ ಹೆಚ್ಚು ತೊಳೆಯಬೇಕಾಗುವ ಯಾವ ಅಡುಗೆಯನ್ನೂ ಕೆಲಸದ ದಿನ ಮಾಡಬೇಡಿ. ಬಿಸಿಬೇಳೆ ಬಾತ್ ಶನಿವಾರಕ್ಕಿರಲಿ.

ದಿನಸಿಯನ್ನು ಊಟದ ಲೆಕ್ಕದಲ್ಲಿ ತನ್ನಿ. ಒಬ್ಬರ ಊಟಕ್ಕೆ ಅಕ್ಕಿ ಅರ್ಧ ಲೋಟ, ಅಂದರೆ ಸುಮಾರು 90 ಗ್ರಾಂ. ತೊಗರಿಬೇಳೆ 40 ಗ್ರಾಂ. ಮೊಸರು 125 ಗ್ರಾಂ. ಹೀಗೆ ನೋಡಿದರೆ ಒಂದು ಕಿಲೋ ಅಕ್ಕಿ 11 ಊಟ, ಒಂದು ಕಿಲೋ ತೊಗರಿಬೇಳೆ 25 ಊಟ, ಅರ್ಧ ಕಿಲೋ ಮೊಸರು 4 ಊಟ. ನಿಮ್ಮ ಅಂಗಡಿಯ ಬೆಲೆಯನ್ನು ಈ ಸಂಖ್ಯೆಗಳಿಂದ ಭಾಗಿಸಿ, ಪಕ್ಕದಲ್ಲಿ ಕಳೆದ ವಾರ ತರಿಸಿ ತಿಂದ ಪೊಟ್ಟಣದ ಬಿಲ್ ಇಟ್ಟುಕೊಳ್ಳಿ. ಆ ಬಿಲ್ಲಿನಲ್ಲಿ ಊಟದ ಬೆಲೆಯ ಕೆಳಗೆ ಬರೆದಿರುವ ಸಣ್ಣ ಸಾಲುಗಳನ್ನೂ ಕೂಡಿಸಲು ಮರೆಯಬೇಡಿ.

ಹಂತ 1: ಭಾನುವಾರ ಒಂದೂವರೆ ಗಂಟೆ

ವಾರವಿಡೀ ಕೈ ಹಿಡಿಯುವ ವಸ್ತುಗಳು ನಾಲ್ಕು: ಪುಳಿಯೋಗರೆ ಗೊಜ್ಜು, ಒಂದು ಚಟ್ನಿಪುಡಿ, ತೆಂಗಿನ ತುರಿ, ಮೊಳಕೆ ಕಾಳು. ಗೊಜ್ಜನ್ನೇ ಮೊದಲು ಒಲೆಗೆ ಹಾಕಿ. ಅದು ಕುದಿಯುವಷ್ಟರಲ್ಲಿ ಉಳಿದ ಮೂರೂ ಮುಗಿಯುತ್ತವೆ.

ಗೊಜ್ಜಿಗೆ 100 ಗ್ರಾಂ ಹುಣಸೆಹಣ್ಣನ್ನು ಎರಡು ಲೋಟ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಗಟ್ಟಿಯಾಗಿ ಹಿಂಡಿ ಸೋಸಿ. ಬಾಣಲೆಯಲ್ಲಿ ಅರ್ಧ ಲೋಟ ಕಡಲೆಕಾಯಿ ಎಣ್ಣೆ ಕಾಯಿಸಿ, ಒಂದು ಹಿಡಿ ಕಡಲೆಬೀಜವನ್ನು ಕೆಂಪಗೆ ಹುರಿದು ತೆಗೆದಿಡಿ. ಅದೇ ಎಣ್ಣೆಗೆ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಇಂಗು, ಕರಿಬೇವು ಹಾಕಿ. ನಂತರ ಹುಣಸೆ ರಸ, ಉಪ್ಪು, ಅರಿಸಿನ, 75 ಗ್ರಾಂ ಬೆಲ್ಲ. ಹಸಿ ವಾಸನೆ ಹೋಗಿ ರಸ ಅರ್ಧಕ್ಕೆ ಇಳಿದ ಮೇಲೆ 3 ದೊಡ್ಡ ಚಮಚ ಸಾರಿನ ಪುಡಿ, ಹುರಿದು ಪುಡಿ ಮಾಡಿದ 2 ಚಮಚ ಎಳ್ಳು, ಒಂದು ಹಿಡಿ ಒಣಕೊಬ್ಬರಿ ತುರಿ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿರಿ.

ಗೊಜ್ಜು ಆಗಿದೆ ಎಂದು ತಿಳಿಯುವುದು ಹೇಗೆ? ಮೊದಲು ಇಡೀ ಬಾಣಲೆಯಲ್ಲಿ ದೊಡ್ಡ ದೊಡ್ಡ ಗುಳ್ಳೆಗಳು ಸಿಡಿಯುತ್ತವೆ. ಒಲೆಯ ಕಟ್ಟೆಯ ಮೇಲೂ ನಿಮ್ಮ ಮುಂಗೈ ಮೇಲೂ ಹಾರುತ್ತವೆ. ಆಮೇಲೆ ಸದ್ದು ತಗ್ಗುತ್ತದೆ. ಗೊಜ್ಜು ಸೌಟಿನ ಹಿಂದೆಯೇ ಒಟ್ಟಾಗಿ ಸರಿಯುತ್ತದೆ, ಅಂಚಿನಲ್ಲಿ ಎಣ್ಣೆ ಬಿಡುತ್ತದೆ. ಸೌಟಿನಿಂದ ತಳದಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಕೂಡಲೇ ಮುಚ್ಚಿಕೊಂಡರೆ ಒಳಗೆ ಇನ್ನೂ ನೀರಿದೆ. ನಿಧಾನವಾಗಿ ಮುಚ್ಚಿಕೊಂಡರೆ ಇಳಿಸಿ. ಕಡಲೆಬೀಜವನ್ನು ಕೊನೆಗೆ ಬೆರೆಸಿ. ಉಪ್ಪು, ಹುಳಿ, ಖಾರ ನಾಲಿಗೆಗೆ ಸ್ವಲ್ಪ ಅತಿಯೇ ಅನಿಸಬೇಕು, ಅನ್ನಕ್ಕೆ ಕಲಸಿದಾಗ ಸರಿಹೋಗುತ್ತದೆ. ಎಂಟು ಹತ್ತು ಊಟಕ್ಕೆ ಇದು ಸಾಕು.

ಸಾಮಾನ್ಯ ತಪ್ಪುಗಳು ಮೂರು. ಕಬ್ಬಿಣ ಅಥವಾ ಅಲ್ಯೂಮಿನಿಯಂ ಬಾಣಲೆಯಲ್ಲಿ ಹುಣಸೆ ಕುದಿಸುವುದು; ಹುಳಿ ಲೋಹವನ್ನು ತಿಂದು ಗೊಜ್ಜಿಗೆ ಒಗರು ಬರುತ್ತದೆ. ಬಿಸಿ ಇರುವಾಗಲೇ ಡಬ್ಬಿಗೆ ತುಂಬಿ ಮುಚ್ಚುವುದು; ಮುಚ್ಚಳದ ಒಳಗೆ ಬೆವರಿದ ನೀರು ಗೊಜ್ಜಿಗೆ ಇಳಿದು ಬೂಷ್ಟು ಹಿಡಿಸುತ್ತದೆ. ಮೂರನೆಯದು ಒದ್ದೆ ಚಮಚ. ಗಾಜಿನ ಸೀಸೆಯಲ್ಲಿ ಫ್ರಿಜ್‌ನಲ್ಲಿಟ್ಟು ಒಣ ಚಮಚ ಬಳಸಿದರೆ ಒಂದು ತಿಂಗಳು ಚಿಂತೆಯಿಲ್ಲ.

ಚಟ್ನಿಪುಡಿ ನಿಮ್ಮ ಊರಿನ ಕಡೆಯದೇ ಇರಲಿ. ಹಳೆಯ ಮೈಸೂರಿನವರಿಗೆ ಬೇಳೆ, ಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿಯ ಪುಡಿ. ಉತ್ತರ ಕರ್ನಾಟಕದವರಿಗೆ ಶೇಂಗಾ, ಗುರೆಳ್ಳು, ಅಗಸಿ. ಸೋವಿ, ಸುಲಭ, ಹೊಟ್ಟೆಗೂ ಭದ್ರ ಎಂದರೆ ಶೇಂಗಾ ಪುಡಿ: ಹುರಿದು ಸಿಪ್ಪೆ ತೆಗೆದ ಒಂದು ಲೋಟ ಶೇಂಗಾ, ಎಂಟು ಎಸಳು ಬೆಳ್ಳುಳ್ಳಿ, ಎರಡು ಚಮಚ ಖಾರದ ಪುಡಿ, ಒಂದು ಚಮಚ ಜೀರಿಗೆ, ಉಪ್ಪು. ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.

ತೆಂಗಿನಕಾಯಿ ಒಡೆದರೆ ಪೂರ್ತಿ ತುರಿದು, ಒಂದೊಂದು ದಿನಕ್ಕೆ ಬೇಕಾದಷ್ಟನ್ನು ಚಿಕ್ಕ ಚಿಕ್ಕ ಪೊಟ್ಟಣ ಮಾಡಿ ಫ್ರೀಜರ್‌ನಲ್ಲಿಡಿ. ಅರ್ಧ ಕಾಯಿಯನ್ನು ಕವುಚಿ ಹಾಕಿಟ್ಟು ಗುರುವಾರ ವಾಸನೆ ನೋಡಿ ಬಿಸಾಡುವುದು ದುಡ್ಡು ಬಿಸಾಡಿದಂತೆ.

ಮೊಳಕೆಗೆ ಹೆಸರುಕಾಳು ಅಥವಾ ಹುರುಳಿಕಾಳು. ಭಾನುವಾರ ಬೆಳಿಗ್ಗೆ ನೆನೆಸಿ, ಎಂಟು ಗಂಟೆ ಬಿಟ್ಟು ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಹೆಸರು ಮರುದಿನ ಬೆಳಿಗ್ಗೆ ಮೊಳಕೆಯೊಡೆಯುತ್ತದೆ, ಹುರುಳಿಗೆ ಇನ್ನಷ್ಟು ಹೊತ್ತು ಬೇಕು. ಗಂಟು ಮುಟ್ಟಿದರೆ ಲೋಳೆ ಅಥವಾ ಹುಳಿ ವಾಸನೆ ಬಂದರೆ ನೀರು ಸರಿಯಾಗಿ ಬಸಿದಿಲ್ಲ ಎಂದರ್ಥ. ತೊಳೆದು ಬಳಸೋಣ ಎಂದುಕೊಳ್ಳಬೇಡಿ, ಚೆಲ್ಲಿ.

ಹಂತ 2: ರಾತ್ರಿ ಮಲಗುವ ಮುನ್ನ 2 ನಿಮಿಷ

ಇಡೀ ಕ್ರಮ ನಿಂತಿರುವುದು ಈ ಹಂತದ ಮೇಲೆ. ನಾಳಿನ ಊಟ ಯಾವುದು ಎಂದು ತೀರ್ಮಾನಿಸಿ, ಅದಕ್ಕೆ ನೆನೆಸಬೇಕಾದದ್ದನ್ನು ನೆನೆಸಿ. ಕಾಳಾದರೆ ರಾತ್ರಿಯಿಡೀ ನೆನೆಯಬೇಕು. ಏನೂ ನೆನೆಸುವುದಿಲ್ಲವಾದರೆ ಬಾಣಲೆಯನ್ನು ಒಲೆಯ ಮೇಲಿಟ್ಟು, ಅದರೊಳಗೆ ನಾಳೆ ಬೇಕಾದ ಈರುಳ್ಳಿ, ನಿಂಬೆಹಣ್ಣು ಇಡಿ. ನಗು ಬರಬಹುದು. ಆದರೆ ಮರುದಿನ ಮಧ್ಯಾಹ್ನ ತಲೆ ಕೆಟ್ಟಿರುವಾಗ ಆ ಈರುಳ್ಳಿಯೇ ನಿಮ್ಮನ್ನು ಕರೆಯುತ್ತದೆ. ನಿರ್ಧಾರ ಮಾಡುವ ಶಕ್ತಿ ಒಂದು ಗಂಟೆಯ ಹೊತ್ತಿಗೆ ಯಾರಲ್ಲೂ ಉಳಿದಿರುವುದಿಲ್ಲ.

ಹಂತ 3: ಬೆಳಿಗ್ಗೆ, ಕೆಲಸಕ್ಕೆ ಕೂರುವ ಮುನ್ನ 20 ನಿಮಿಷ

ಕುಕ್ಕರ್ ಇಡುವುದು ಈಗ. ಮೀಟಿಂಗ್ ನಡುವೆ ಬೇಡ. ಒಮ್ಮೆ ಮೈಕ್ ಮುಚ್ಚುವುದನ್ನು ಮರೆತಿದ್ದೆ. ನನ್ನ ಕುಕ್ಕರಿನ ಮೂರನೆಯ ಕೂಗು ಕೇಳಿ ಹೈದರಾಬಾದಿನ ಸಹೋದ್ಯೋಗಿ ತನ್ನ ಮನೆಯದೇ ಇರಬೇಕೆಂದು ಎದ್ದು ಓಡಿದ್ದ.

ಬೇಳೆಯನ್ನು ಎರಡು ದಿನಕ್ಕಾಗುವಷ್ಟು, ಅಂದರೆ 80 ಗ್ರಾಂ, ಬೇಯಿಸಿ. ಹಲ್ಲುಜ್ಜುವ ಮೊದಲೇ ನೆನೆಹಾಕಿದರೆ ಕುಕ್ಕರ್ ಇಡುವ ಹೊತ್ತಿಗೆ ಅರ್ಧ ಗಂಟೆ ಆಗಿರುತ್ತದೆ. ಬೇಳೆಯ ಮೂರು ಪಟ್ಟು ನೀರು, ಚಿಟಿಕೆ ಅರಿಸಿನ, ಎರಡು ಹನಿ ಎಣ್ಣೆ. ಎಣ್ಣೆ ನೊರೆ ಉಕ್ಕುವುದನ್ನು ತಡೆಯುತ್ತದೆ. ಮೂರು ಕೂಗಿನ ನಂತರ ಉರಿ ಸಣ್ಣ ಮಾಡಿ ಐದು ನಿಮಿಷ ಬಿಡಿ. ಹುಣಸೆ, ಟೊಮೆಟೊ ಈಗಲೇ ಸೇರಿಸಬೇಡಿ. ಹುಳಿ ಬಿದ್ದರೆ ಬೇಳೆ ಮೆತ್ತಗಾಗಲು ತಡವಾಗುತ್ತದೆ. "ಎಷ್ಟು ಕೂಗಿಸಿದರೂ ಬೇಳೆ ಬೇಯುವುದಿಲ್ಲ" ಎಂದು ಹೇಳುವವರ ಮನೆಯಲ್ಲಿ ಬೇಳೆ ತೀರಾ ಹಳೆಯದಾಗಿರುತ್ತದೆ, ಇಲ್ಲವೇ ಅದರ ಜೊತೆ ಟೊಮೆಟೊ ಇರುತ್ತದೆ.

ಅನ್ನದ ವಿಷಯದಲ್ಲಿ ಮಾತ್ರ ಎರಡು ದಾರಿ. ಕಲಸನ್ನದ ದಿನ ಅನ್ನವನ್ನು ಬೆಳಿಗ್ಗೆಯೇ ಮಾಡಿ. ಅರ್ಧ ಲೋಟ ಸೋನಾ ಮಸೂರಿಗೆ ಒಂದು ಲೋಟ ನೀರು ಹಾಕಿ ಬೇಯಿಸಿ, ಅಗಲ ತಟ್ಟೆಗೆ ಹರಡಿ, ಒಂದು ಚಮಚ ಎಣ್ಣೆ ಸವರಿ, ಆರಿದ ಕೂಡಲೇ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ. ತಣ್ಣಗಾದ ಅನ್ನದ ಅಗುಳು ಬಿಡಿಬಿಡಿಯಾಗಿರುತ್ತದೆ, ಚಿತ್ರಾನ್ನಕ್ಕೆ ಅದೇ ಬೇಕು. ಸಾರು, ಹುಳಿಯ ದಿನ ಅನ್ನವನ್ನು ಮಧ್ಯಾಹ್ನವೇ ಬಿಸಿಯಾಗಿ ಮಾಡಿ, ಒಂದೂಕಾಲು ಲೋಟ ನೀರು ಹಾಕಿ.

ಅನ್ನವನ್ನು ಬೆಳಿಗ್ಗೆ ಮಾಡಿ ಒಲೆಯ ಪಕ್ಕದಲ್ಲೇ ಬಿಟ್ಟು ಮಧ್ಯಾಹ್ನ ಬಿಸಿ ಮಾಡಿದರಾಯಿತು ಎನ್ನುವುದು ದೊಡ್ಡ ತಪ್ಪು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು, ಬೇಯಿಸಿದರೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗಿರುವಾಗ ಅವು ಬೆಳೆದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಮಾಡಿದ ಒಂದು ಗಂಟೆಯೊಳಗೆ ಅನ್ನ ಫ್ರಿಜ್ ಸೇರಲಿ, ಮರುದಿನದೊಳಗೆ ಮುಗಿಯಲಿ, ಬಿಸಿ ಮಾಡುವುದು ಒಮ್ಮೆ ಮಾತ್ರ.

ಕುಕ್ಕರಿನ ಎಚ್ಚರಿಕೆಗಳು: ಮುಚ್ಚುವ ಮೊದಲು ಮುಚ್ಚಳವನ್ನು ಬೆಳಕಿಗೆ ಹಿಡಿದು ಆವಿ ಹೋಗುವ ತೂತು ಕಾಣುತ್ತದೆಯೇ ನೋಡಿ. ಬೇಳೆಯನ್ನು ನೇರವಾಗಿ ಹಾಕಿದ್ದರೆ ಅರ್ಧ ಕುಕ್ಕರ್ ಮೀರಬಾರದು. ಹಿಡಿಯ ಪಕ್ಕದಿಂದ ಸುಯ್ ಎಂದು ಆವಿ ಬರುತ್ತಾ ಕೂಗೇ ಬಾರದಿದ್ದರೆ ಗ್ಯಾಸ್ಕೆಟ್ ಹಳೆಯದಾಗಿದೆ. ಆರಿಸಿ, ಇಲ್ಲದಿದ್ದರೆ ತಳದ ನೀರು ಬತ್ತಿ ಡಬ್ಬಿ ಸೀಯುತ್ತದೆ. ಅವಸರಕ್ಕೆ ವೆಯ್ಟ್ ಎತ್ತಿ ಆವಿ ಬಿಡಬೇಡಿ, ಬೇಳೆಯ ನೀರು ಚಾವಣಿ ಮುಟ್ಟುತ್ತದೆ.

ಹಂತ 4: ಮಧ್ಯಾಹ್ನ 15 ರಿಂದ 20 ನಿಮಿಷ

ಈಗ ಉಳಿದಿರುವುದು ಒಗ್ಗರಣೆ ಮತ್ತು ಕುದಿತ. ಕ್ರಮ ಮುಖ್ಯ. ಬಿಸಿ ಅನ್ನ ಬೇಕಾದ ದಿನ ಮೊದಲು ಕುಕ್ಕರ್ ಹಚ್ಚಿ, ಆಮೇಲೆ ಈರುಳ್ಳಿ ಹೆಚ್ಚಿ. ಎರಡು ಕೂಗಿಗೆ ಆರಿಸಿದರೆ, ಒತ್ತಡ ತಾನಾಗಿ ಇಳಿಯುವಷ್ಟರಲ್ಲಿ ಸಾರು ಕುದ್ದಿರುತ್ತದೆ.

ಒಗ್ಗರಣೆ ಹಾಕುವ ಎರಡು ನಿಮಿಷ ಫೋನ್ ಮುಟ್ಟಬೇಡಿ. ಎಣ್ಣೆ ಕಾದಿದೆಯೇ ಎಂದು ನೋಡಲು ನಾಲ್ಕು ಕಾಳು ಸಾಸಿವೆ ಹಾಕಿ. ಸುಮ್ಮನೆ ಬಿದ್ದಿದ್ದರೆ ಕಾಯಿರಿ, ಚಟಪಟ ಎಂದರೆ ಉಳಿದದ್ದನ್ನು ಹಾಕಿ. ಸಿಡಿತ ನಿಲ್ಲುತ್ತಾ ಬರುವಾಗ ಬೇಳೆ, ಬೇಳೆ ಹೊಂಬಣ್ಣಕ್ಕೆ ತಿರುಗುವಾಗ ಮೆಣಸಿನಕಾಯಿ, ಉರಿ ಆರಿಸಿದ ಮೇಲೆ ಇಂಗು, ಕರಿಬೇವು. ಸಾಸಿವೆ ಬೂದುಬಣ್ಣಕ್ಕೆ ತಿರುಗಿ ಹೊಗೆ ಎದ್ದರೆ ಅದು ಸೀದಿದೆ. ಎಣ್ಣೆ ಉಳಿಸುವ ಆಸೆಗೆ ಅದನ್ನೇ ಸುರಿದರೆ ಇಡೀ ಅಡುಗೆ ಕಹಿ. ಒಂದು ಚಮಚ ಎಣ್ಣೆ ಹೋದರೆ ಹೋಗಲಿ.

ಹಂತ 5: ಐದು ದಿನ, ಐದು ಊಟ

ದಿನಗಳನ್ನು ನಿಮಗೆ ಬೇಕಾದಂತೆ ಬದಲಿಸಿಕೊಳ್ಳಿ. ಆದರೆ ಒಂದು ಕಟ್ಟಳೆ ಇದೆ: ಅನ್ನ ಒಂದೇ ಊಟವಾಗುವುದಿಲ್ಲ. ಅದರ ಜೊತೆ ಬೇಳೆ, ಕಾಳು, ಮೊಸರು, ಶೇಂಗಾ, ಮೊಟ್ಟೆ, ಇವುಗಳಲ್ಲಿ ಎರಡಾದರೂ ತಟ್ಟೆಯಲ್ಲಿರಬೇಕು. ಬರೀ ಚಿತ್ರಾನ್ನ ಎರಡು ತಟ್ಟೆ ತಿಂದವರಿಗೆ ಎರಡೂವರೆಗೆ ತೂಕಡಿಕೆ, ನಾಲ್ಕಕ್ಕೆ ಬಿಸ್ಕತ್ತಿನ ಡಬ್ಬಿ. ಅಗ್ಗದ ಊಟ ಎಂದು ಬೀಗಿದ್ದು ಆ ಬಿಸ್ಕತ್ತಿನಲ್ಲಿ ಕರಗಿಹೋಗುತ್ತದೆ.

ಸೋಮವಾರ, ಬೇಳೆ ಕಟ್ಟಿನ ಸಾರು. ಬೆಳಿಗ್ಗೆ ಬೆಂದ ಬೇಳೆಗೆ ಒಂದು ಲೋಟ ಬಿಸಿನೀರು ಬೆರೆಸಿ ಕದಡಿ ಬಿಡಿ. ಮೇಲೆ ನಿಂತ ತಿಳಿಯೇ ಕಟ್ಟು. ಅದನ್ನು ಸಾರಿಗೆ ಬಗ್ಗಿಸಿಕೊಳ್ಳಿ. ತಳದ ಬೇಳೆಯಲ್ಲಿ ಮುಕ್ಕಾಲು ಪಾಲನ್ನು ನಾಳೆಗೆ ಫ್ರಿಜ್‌ನಲ್ಲಿಟ್ಟು, ಉಳಿದದ್ದನ್ನು ಕಟ್ಟಿಗೇ ಸೇರಿಸಿ. ಚಿಕ್ಕ ಪಾತ್ರೆಯಲ್ಲಿ ಒಂದು ಟೊಮೆಟೊ, ಗೋಲಿ ಗಾತ್ರದ ಹುಣಸೆಯ ರಸ, ಒಂದೂವರೆ ಚಮಚ ಸಾರಿನ ಪುಡಿ, ಚೂರು ಬೆಲ್ಲ, ಉಪ್ಪು, ಒಂದು ಲೋಟ ನೀರು ಹಾಕಿ ಐದಾರು ನಿಮಿಷ ಕುದಿಸಿ. ಪುಡಿಯ ಹಸಿ ವಾಸನೆ ಹೋದ ಮೇಲೆ ಕಟ್ಟು ಸೇರಿಸಿ. ನೊರೆಯೆದ್ದು ಅಂಚಿಗೆ ಬಂದಾಗ ಆರಿಸಿ, ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವು ಒಗ್ಗರಣೆ ಕೊಡಿ. ಕಟ್ಟು ಹಾಕಿದ ಮೇಲೂ ಕೊತಕೊತ ಕುದಿಸುತ್ತಾ ಹೋದರೆ ಘಮ ಅಡುಗೆಮನೆಯಲ್ಲೇ ಉಳಿಯುತ್ತದೆ, ಸಾರಿನಲ್ಲಿ ಇರುವುದಿಲ್ಲ. ಜೊತೆಗೆ ಮೊಳಕೆ ಹೆಸರಿನ ಉಸಲಿ: ಆವಿಯಲ್ಲಿ ಐದು ನಿಮಿಷ ಬೇಯಿಸಿ, ಒಗ್ಗರಣೆ, ತೆಂಗಿನ ತುರಿ, ನಿಂಬೆ.

ಮಂಗಳವಾರ, ಸೊಪ್ಪಿನ ಹುಳಿ. ನಿನ್ನೆ ಎತ್ತಿಟ್ಟ ಗಟ್ಟಿ ಬೇಳೆ, ಒಂದು ಕಟ್ಟು ಸೊಪ್ಪು, ಹುಳಿಪುಡಿ. ಪಾಲಕ್, ದಂಟು, ಹರಿವೆ, ಯಾವುದು ಅಂದು ಅಗ್ಗವೋ ಅದು. ಸೊಪ್ಪನ್ನು ಸೋಮವಾರ ಸಂಜೆಯೇ ಬಿಡಿಸಿಟ್ಟುಕೊಳ್ಳಿ. ಕೆಲಸದ ನಡುವೆ ಸೊಪ್ಪು ಬಿಡಿಸುತ್ತಾ ಕೂತವರು ಮರುವಾರ ಸೊಪ್ಪನ್ನೇ ತರುವುದಿಲ್ಲ. ಬೇಳೆಯನ್ನು ಪೂರ್ತಿ ಕುದಿ ಬರುವಂತೆ ಕಾಯಿಸಿ, ಎರಡನೆಯ ದಿನ ಮೀರಿ ಇಡಬೇಡಿ.

ಬುಧವಾರ, ಚಿತ್ರಾನ್ನ ಮತ್ತು ಕೋಸಂಬರಿ. ಎಲ್ಲರೂ ಸುಲಭ ಎನ್ನುವ, ಹೆಚ್ಚಿನವರು ಕೆಡಿಸುವ ಅಡುಗೆ ಇದು. ಅರ್ಧ ಹಿಡಿ ಹೆಸರುಬೇಳೆಯನ್ನು ಹನ್ನೆರಡಕ್ಕೆ ನೆನೆಸಿ. ಎಣ್ಣೆಯಲ್ಲಿ ಮೊದಲು ಕಡಲೆಬೀಜ ಹುರಿದು ತೆಗೆಯಿರಿ, ಮುಗಿಯುವವರೆಗೆ ಬಾಣಲೆಯಲ್ಲೇ ಬಿಟ್ಟರೆ ಮೆತ್ತಗಾಗುತ್ತದೆ. ಸಾಸಿವೆ, ಬೇಳೆಗಳು, ಎರಡು ಸೀಳಿದ ಹಸಿಮೆಣಸಿನಕಾಯಿ, ಕರಿಬೇವು, ಈರುಳ್ಳಿ. ಈರುಳ್ಳಿ ಬಾಡಿದ ಮೇಲೆ ಅರಿಸಿನ ಮತ್ತು ಇಡೀ ಅನ್ನಕ್ಕೆ ಬೇಕಾಗುವ ಉಪ್ಪು. ಫ್ರಿಜ್‌ನ ಅನ್ನವನ್ನು ಹಾಕಿ ಹೊಗೆಯಾಡುವಷ್ಟು ಬಿಸಿ ಮಾಡಿ, ಒಲೆ ಆರಿಸಿ. ಒಂದು ನಿಮಿಷ ಬಿಟ್ಟು ಅರ್ಧ ನಿಂಬೆ ಹಿಂಡಿ. ನಿಂಬೆರಸ ಉರಿಯ ಮೇಲೆ ಬಿದ್ದರೆ ಕಹಿಯಾಗುತ್ತದೆ. ಚಿತ್ರಾನ್ನ ಕಹಿ ಎಂಬ ದೂರಿಗೆ ಹತ್ತರಲ್ಲಿ ಎಂಟು ಸಲ ಇದೇ ಕಾರಣ. ಉಳಿದ ಎರಡು ಸಲ ಅರಿಸಿನ ಹೆಚ್ಚಾಗಿರುತ್ತದೆ. ನೆನೆದ ಹೆಸರುಬೇಳೆಗೆ ಸೌತೆಕಾಯಿ, ತೆಂಗಿನ ತುರಿ ಬೆರೆಸಿ. ಉಪ್ಪನ್ನು ತಿನ್ನುವ ಗಳಿಗೆಯಲ್ಲಿ ಹಾಕಿ, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ.

ಗುರುವಾರ, ಮುದ್ದೆ ಮತ್ತು ಬಸ್ಸಾರು. ಮುದ್ದೆ ಅಂದರೆ ಹೆದರುವವರು ಬಹಳ. ಒಬ್ಬರಿಗಾದರೆ ಒಂದು ಲೋಟ ನೀರು, ಅರ್ಧ ಲೋಟ ರಾಗಿ ಹಿಟ್ಟು ಸಾಕು. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಉಪ್ಪಿನೊಡನೆ ನೀರಿಗೆ ಹಾಕಿ ಕುದಿಸಿ. ಚೆನ್ನಾಗಿ ಕುದಿಯುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಕೈ ತುರಿಸಿದರೂ ಕದಡಬೇಡಿ. ಕೋಲಿನಿಂದ ನಡುವೆ ಒಂದು ತೂತು ಮಾಡಿ ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ ಬಿಡಿ. ಗುಡ್ಡೆಯ ಸುತ್ತ ನೀರು ಉಕ್ಕಿ ಹಿಟ್ಟನ್ನು ಒಳಗೊಳಗೇ ಬೇಯಿಸುತ್ತದೆ. ಆಮೇಲೆ ಪಾತ್ರೆ ಇಳಿಸಿ, ಬಟ್ಟೆಯಿಂದ ಭದ್ರವಾಗಿ ಹಿಡಿದು, ಕೋಲಿನಿಂದ ಅಂಚಿಗೆ ಒತ್ತಿ ತಿರುವಿ. ಸ್ವಲ್ಪ ನೀರು ಚಿಮುಕಿಸಿ, ಮುಚ್ಚಿ ಮತ್ತೆ ಎರಡು ನಿಮಿಷ ಸಣ್ಣ ಉರಿ. ಒದ್ದೆ ಬೆರಳಿನಿಂದ ಮುಟ್ಟಿ. ಅಂಟದಿದ್ದರೆ ಬೆಂದಿದೆ, ಅಂಟಿದರೆ ಇನ್ನೆರಡು ನಿಮಿಷ. ಗಂಟು ಬಂತೆಂದರೆ ಬೇಯುವ ಮೊದಲೇ ಕದಡಿದ್ದೀರಿ.

ಬಸ್ಸಾರಿನ ಲಾಭ ಏನೆಂದರೆ ಒಂದೇ ಪಾತ್ರೆಯಲ್ಲಿ ಬೆಂದ ಕಾಳು ಸೊಪ್ಪಿನ ನೀರು ಸಾರಾಗುತ್ತದೆ, ಬಸಿದ ಕಾಳು ಸೊಪ್ಪು ಪಲ್ಯವಾಗುತ್ತದೆ. ಬುಧವಾರ ರಾತ್ರಿಯ ಅಡುಗೆಗೇ ಅದನ್ನು ಮಾಡಿಬಿಡಿ. ಒಣಮೆಣಸಿನಕಾಯಿ, ಜೀರಿಗೆ, ಮೆಣಸು, ಬೆಳ್ಳುಳ್ಳಿ, ಹುಣಸೆ, ತೆಂಗಿನ ತುರಿಯ ಜೊತೆ ಬೆಂದ ಕಾಳನ್ನೇ ಒಂದು ಹಿಡಿ ರುಬ್ಬಿ ಹಾಕಿದರೆ ಸಾರು ಗಟ್ಟಿ ಬರುತ್ತದೆ. ಮರುದಿನ ಅದರ ರುಚಿ ಏರಿರುತ್ತದೆ. ಇದನ್ನು ಮಂಡ್ಯ, ಹಾಸನದ ಕಡೆಯವರಿಗೆ ಹೇಳಬೇಕಾಗಿಲ್ಲ. ಗುರುವಾರ ಮಧ್ಯಾಹ್ನ ನಿಮಗೆ ಉಳಿಯುವುದು ಮುದ್ದೆ ಕಟ್ಟುವ ಕೆಲಸ ಮಾತ್ರ.

ಶುಕ್ರವಾರ, ಪುಳಿಯೋಗರೆ ಮತ್ತು ಮೊಸರನ್ನ. ಬೆಳಿಗ್ಗೆ ಆರಿಸಿಟ್ಟ ಅನ್ನವನ್ನು ಬಿಸಿ ಮಾಡಿ, ಒಂದೂವರೆ ದೊಡ್ಡ ಚಮಚ ಗೊಜ್ಜು ಕಲಸಿ. ಸ್ವಲ್ಪ ಅನ್ನವನ್ನು ಬೇರೆ ತೆಗೆದು, ಬೆಚ್ಚಗಿರುವಾಗ ಹಾಲು ಹಾಕಿ ಕಿವುಚಿ, ಆರಿದ ಮೇಲೆ ಮೊಸರು ಬೆರೆಸಿ. ಬಿಸಿ ಅನ್ನಕ್ಕೆ ಮೊಸರು ಹಾಕಿದರೆ ಒಡೆದು ನೀರಾಗುತ್ತದೆ. ಮೊಟ್ಟೆ ತಿನ್ನುವವರು ಒಂದು ಮೊಟ್ಟೆ ಬೇಯಿಸಿಕೊಂಡರೆ ಸಂಜೆಯವರೆಗೆ ಹೊಟ್ಟೆ ಮಾತಾಡುವುದಿಲ್ಲ.

ಹಂತ 6: ಅಡುಗೆಗೆ ಬಿಡುವಿಲ್ಲದ ದಿನಕ್ಕೆ

ಅಂಥ ದಿನ ಬಂದೇ ಬರುತ್ತದೆ. ಅದಕ್ಕೆ ಮೂರು ದಾರಿಗಳನ್ನು ಮೊದಲೇ ಕಟ್ಟಿಟ್ಟುಕೊಂಡರೆ ಮೊಬೈಲಿನ ಕಡೆ ಕೈ ಹೋಗುವುದಿಲ್ಲ.

ಮೊದಲನೆಯದು ಕಡಕ್ ಜೋಳದ ರೊಟ್ಟಿ. ಒಂದು ಕಟ್ಟು ತಂದು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಎರಡು ರೊಟ್ಟಿ, ಶೇಂಗಾ ಪುಡಿಯ ಮೇಲೆ ಗಟ್ಟಿ ಮೊಸರು, ಹಸಿ ಈರುಳ್ಳಿ, ಮೂಲಂಗಿ, ಸಿಕ್ಕರೆ ಹಸಿ ಮೆಂತ್ಯ ಸೊಪ್ಪು. ಗಟ್ಟಿ ಅನಿಸಿದರೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಐದು ನಿಮಿಷ ಸುತ್ತಿಡಿ. ಇದಕ್ಕಿಂತ ಅಗ್ಗದ, ಇದಕ್ಕಿಂತ ಭದ್ರವಾದ ಊಟ ನನಗೆ ಗೊತ್ತಿಲ್ಲ. ಉತ್ತರ ಕರ್ನಾಟಕದ ಖಾನಾವಳಿಗಳಲ್ಲಿ ಉಂಡವರು ಒಪ್ಪುತ್ತಾರೆ.

ಎರಡನೆಯದು ಗೊಜ್ಜವಲಕ್ಕಿ. ಒಂದು ಲೋಟ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ರವೆಯಂತೆ ತರಿ ಮಾಡಿ. ಮುಕ್ಕಾಲು ಲೋಟ ತೆಳು ಹುಣಸೆ ರಸಕ್ಕೆ ಬೆಲ್ಲ, ಸಾರಿನ ಪುಡಿ, ಉಪ್ಪು ಬೆರೆಸಿ, ಅದರಲ್ಲಿ ತರಿಯನ್ನು ಇಪ್ಪತ್ತು ನಿಮಿಷ ನೆನೆಸಿ. ನೆನೆಯುವಾಗ ನೀವು ಮೀಟಿಂಗ್‌ನಲ್ಲಿರಬಹುದು. ಬಂದು ಬೆರಳಿನಿಂದ ಉದುರಿಸಿ, ಶೇಂಗಾ ಒಗ್ಗರಣೆ, ತೆಂಗಿನ ತುರಿ ಸೇರಿಸಿ. ಒಗ್ಗರಣೆಗೂ ಹೊತ್ತಿಲ್ಲದಿದ್ದರೆ ಹುರಿದಿಟ್ಟ ಶೇಂಗಾ ಹಾಕಿ ಸುಮ್ಮನಾಗಿ. ತರಿ ಮಾಡದೆ ಇಡೀ ಅವಲಕ್ಕಿ ನೆನೆಸಿದರೆ ಅಂಟಿನ ಮುದ್ದೆಯಾಗುತ್ತದೆ. ಕೀಬೋರ್ಡ್ ಪಕ್ಕದಲ್ಲಿ ಮಾತ್ರ ತಿನ್ನಬೇಡಿ, ಒಂದೊಂದು ತರಿಯೂ ಒಂದೊಂದು ಅಕ್ಷರದ ಕೆಳಗೆ ಜಾಗ ಹುಡುಕಿಕೊಳ್ಳುತ್ತದೆ.

ಮೂರನೆಯದು ತಂಬುಳಿ. ಮಲೆನಾಡಿನ ಮನೆಗಳಲ್ಲಿ ಬೇಸಿಗೆಯ ಮಧ್ಯಾಹ್ನಗಳನ್ನು ನಡೆಸುವುದೇ ಇದು. ಎಂಟು ದೊಡ್ಡಪತ್ರೆ ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸನ್ನು ಒಂದು ಚಮಚ ತುಪ್ಪದಲ್ಲಿ ಬಾಡಿಸಿ, ತೆಂಗಿನ ತುರಿಯೊಡನೆ ರುಬ್ಬಿ, ಮಜ್ಜಿಗೆ, ಉಪ್ಪು ಬೆರೆಸಿದರೆ ಆಯಿತು. ಕುದಿಸುವಂತಿಲ್ಲ, ಮಜ್ಜಿಗೆ ಒಡೆಯುತ್ತದೆ. ದೊಡ್ಡಪತ್ರೆ ಒಂದು ಕುಂಡದಲ್ಲಿ ಕಡ್ಡಿ ಚುಚ್ಚಿದರೂ ಬೆಳೆಯುತ್ತದೆ. ಬಾಲ್ಕನಿ ಇದ್ದವರಿಗೆ ಇದು ಬಿಟ್ಟಿ. ಫ್ರಿಜ್‌ನಲ್ಲಿ ಅನ್ನ ಇದ್ದರೆ ಅದನ್ನು ಬಿಸಿ ಮಾಡಿ ಇದರೊಡನೆ ಉಣ್ಣಿ, ಮೇಲೆ ಒಂದು ಹಿಡಿ ಹುರಿದ ಶೇಂಗಾ ತಿನ್ನಿ. ತಂಬುಳಿ ಅನ್ನಕ್ಕೆ ಹೊಟ್ಟೆ ತುಂಬುತ್ತದೆ, ನಿಲ್ಲುವುದಿಲ್ಲ.

ಕೈತಪ್ಪುತ್ತಿದೆ ಎಂಬುದರ ಸೂಚನೆಗಳು

ಪದಾರ್ಥ ಕೆಟ್ಟದ್ದನ್ನು ಮೂಗಿಗಿಂತ ಮೊದಲು ಕಣ್ಣು, ಬೆರಳು ಹೇಳುತ್ತವೆ. ಅನ್ನವನ್ನು ಬೆರಳಲ್ಲಿ ಒತ್ತಿ ಎಳೆದಾಗ ಲೋಳೆಯ ನೂಲು ಬಂದರೆ ಹಳಸಿದೆ. ಬೇಳೆಯ ಮೇಲೆ ಕಾಯಿಸದೆಯೇ ಸಣ್ಣ ನೊರೆ ಕಟ್ಟಿದ್ದರೆ ಹುಳಿತಿದೆ. ಗೊಜ್ಜಿನ ಮೇಲೆ ಬಿಳಿ ಚುಕ್ಕೆ ಕಂಡರೆ ಮೇಲಿನದನ್ನು ತೆಗೆದು ಕೆಳಗಿನದನ್ನು ಉಳಿಸಿಕೊಳ್ಳಬೇಡಿ, ಬೂಷ್ಟಿನ ಬೇರು ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಹೋಗಿರುತ್ತದೆ.

ದಿನಕ್ರಮ ಕೆಡುವುದಕ್ಕೂ ಸೂಚನೆಗಳಿವೆ. ನಾಲ್ಕಕ್ಕೆ ಹಸಿವಾಗುತ್ತಿದ್ದರೆ ಬೇಳೆ, ಕಾಳಿನ ಪಾಲು ಹೆಚ್ಚಿಸಿ, ಅನ್ನದ ಪಾಲನ್ನಲ್ಲ. ಶುಕ್ರವಾರ ಸಂಜೆ ಫ್ರಿಜ್‌ನಲ್ಲಿ ಮೂರಕ್ಕಿಂತ ಹೆಚ್ಚು ಚಿಕ್ಕ ಡಬ್ಬಿಗಳಿದ್ದರೆ ಅಳತೆ ಮೀರಿ ಮಾಡುತ್ತಿದ್ದೀರಿ. ಮುಂದಿನ ವಾರ ಲೋಟ ಹಿಡಿದೇ ಅಳೆಯಿರಿ. ಸಿಂಕಿನಲ್ಲಿ ಬೆಳಗಿನ ಕುಕ್ಕರ್ ಮಧ್ಯಾಹ್ನವೂ ಹಾಗೆಯೇ ಬಿದ್ದಿದ್ದರೆ ಆ ದಿನ ಅಡುಗೆ ಆಗುವುದಿಲ್ಲ ಎಂದೇ ತಿಳಿಯಿರಿ. ಬೇಳೆ ಬಗ್ಗಿಸಿದ ಕೂಡಲೇ ಡಬ್ಬಿಗೆ ನೀರು ತುಂಬಿಸಿಡಿ. ಒಣಗಿದ ತೊಗರಿಬೇಳೆಯನ್ನು ಉಜ್ಜುವ ಹೊತ್ತಿಗೆ ಇನ್ನೊಂದು ಸಾರು ಕುದಿಸಬಹುದು.

ಮೊದಲ ವಾರವೇ ಐದೂ ದಿನ ಹಿಡಿಯಲು ಹೋಗಬೇಡಿ. ಈ ಭಾನುವಾರ ಗೊಜ್ಜು ಮತ್ತು ಶೇಂಗಾ ಪುಡಿ ಮಾಡಿ, ಒಂದು ಕಟ್ಟು ಕಡಕ್ ರೊಟ್ಟಿ ತನ್ನಿ. ಸೋಮವಾರದ ಸಾರಿಗೆ ಬೇಕಾದ ಹುಣಸೆಯ ಗೋಲಿ ಮತ್ತು ಟೊಮೆಟೊವನ್ನು ಮಲಗುವ ಮುನ್ನ ಚಿಕ್ಕ ಪಾತ್ರೆಯೊಳಗಿಟ್ಟು, ಪಾತ್ರೆಯನ್ನು ಒಲೆಯ ಮೇಲಿಡಿ.